ಜಿಪ್ಪಿನ ಒಂದು ಮಾರ್ಕು

ಗೋಕಾಕ ಬಸ್ ನಿಲ್ದಾಣದಲ್ಲಿ ಹುಕ್ಕೇರಿ ಬಸ್ಸಿಗೆ ಕಾಯುತ್ತಿದ್ದ ಶೈಲಾಗೆ ಪಕ್ಕದ ಮುದುಕಿಯ ಮೊಬೈಲಿನ ದನಿ ಕೇಳುತ್ತಿತ್ತು. ಯಾರೋ ಹುರುಪಿನಿಂದ ಒಂದು ರಾಕ್ಷಸ ಸಿನಿಮಾದ ವಿಮರ್ಶೆ ಹೇಳುತ್ತಿದ್ದ. ದನಿ ನಡುವೆಯೇ ನಿಂತಿತು. ಮುದುಕಿ ಜೊತೆಗಿದ್ದ ತರುಣನತ್ತ ತಿರುಗಿದಳು.

“ಕಾಶಿನಾಥ, ನಮ್ಮ ಭೀಮೇಶ ಇದಕ್ಕ ಎಷ್ಟ್ ಮಾರ್ಕ್ಸ್ ಕೊಟ್ಟಾನಪ್ಪ?”

“ಕೊಟ್ಟಿಲ್ರಿ ಕಾಕು. ನೋಡಕೋತನ ರೆಕಾರ್ಡ್ ಮಾಡತಿದ್ದ. ಅರ್ಧಕ್ಕ ಎದಿ ಹಿಡಕೊಂಡು ಹೋಗೇಬಿಟ್ಟನಲ್ರಿ.”

“ರಾಕ್ಷಸ ಎಂಥಾದು?”

“ರಬ್ಬರ್ ಮೊಸಳಿ ವೇಷ. ಬೆನ್ನಾಗ ಜಿಪ್ ಕಾಣತೈತಿ.”

“ಜಿಪ್ ಕಂಡ್ರ ಒಂದ್ ಮಾರ್ಕ್ ಜಾಸ್ತಿ ಕೊಡತಿದ್ದ ನನ್ ಮಗ. ಒಳಗಿನ ಮನಷಾ ಸೆಕಿಯೊಳಗ ದುಡದಾನಂತ.”

“ಹೌದ್ರಿ. ಅದಕ್ಕ ಮಂದಿ ಎಲ್ಲಾ ನಗತಿತ್ತು.”

“ಕಡೀಗೆ ಮೊಸಳಿ ಏನ್ ಆಕ್ಕೈತಿ?”

ಕಾಶಿನಾಥ ಅವಳ ಮುಖ ನೋಡಿದ. “ತಿರುಗಿ ಹೊಳಿಗೆ ಹೋಗತೈತ್ರಿ. ಆರಾಮ ಇರತೈತಿ.”

“ಖರೆ ಹೇಳಪ್ಪ. ಅವ ಎಂದೂ ಸುಳ್ಳ ಮಾರ್ಕ್ಸ್ ಕೊಟ್ಟಾಂವಲ್ಲ.”

“ಕೊಲ್ತಾರ್ರಿ, ಕಾಕು.”

ಶೈಲಾ ಬಸ್ಸುಗಳ ಬೋರ್ಡಿನತ್ತ ತಿರುಗಿದಳು. ಧುಪದಾಳದ ಬಸ್ ಬಂತು. ಮುದುಕಿ ಅವನ ಭುಜ ಹಿಡಿದು ಎದ್ದಳು.

“ಹಂಗಾರ ಅವನ ಹೆಸರಲೆ ಜಿಪ್ಪಿನ ಒಂದ್ ಮಾರ್ಕ್ ಅಷ್ಟ ಹಾಕು. ಮೊಸಳಿ ಸತ್ರೂ ಒಳಗಿನ ಮನಷಾ ಎದ್ದು ತನ್ನ ಮನಿಗೆ ಹೋಗಿರ್ತಾನಲ್ಲ.”