ಸಾರೋಟಿನ ಮನೆಯ ಎರಡು ಗೂಟ

ಹಲೋ... ಹಲೋ, ಯಾರು ಮಾತಾಡ್ತಿರೋದು? ಬಂಗಲೆ ಅಮ್ಮಾವ್ರಾ?... ಅಮ್ಮಾವ್ರೇ, ನಾನು ಬಡಗಿ. ನಿಮ್ಮ ಹಳೇ ಸಾರೋಟಿನ ಮನೆ ರಿಪೇರಿಗೆ ಅಣ್ಣ ತಮ್ಮ ಬಂದಿದೀವಲ್ಲ, ಅದರಲ್ಲಿ ತಮ್ಮ.

...

ಇಲ್ಲ, ಕೆಲಸ ಮುಗಿದಿಲ್ಲ. ಸ್ವಲ್ಪ ಕೇಳಿ. ಅಟ್ಟದ ಮೇಲಿದ್ದ ಸಾರೋಟು ಕೆಳಗಿಳಿಸ್ತಿದ್ವಿ. ಹಗ್ಗ, ರಾಟೆ ಕಟ್ಟಿ ಇಳಿಸೋ ಆ ದೊಡ್ಡ ಮರದ ತೊಟ್ಟಿಲು ಇದೆಯಲ್ಲ... ಹಾಂ, ಅದೇ. ನೆಲ ಇನ್ನೊಂದು ಮೊಳ ಇದೆ ಅನ್ನೋವಾಗ ಸಿಕ್ಕಾಕಿಕೊಳ್ತು. ಯಾಕೆ ಅಂತ ಅಣ್ಣ ಬಗ್ಗಿ ನೋಡಿದ. ಜರ್ ಅಂತ ಜಾರಿಬಿಡ್ತು. ಅವನ ಕಾಲು ಅದರ ಕೆಳಗೆ ಸಿಕ್ಕಾಕಿಕೊಂಡಿದೆ.

...

ಪ್ರಾಣ ಇದೆ, ಇದೆ. ಕೂಗ್ತಿದಾನೆ, ಕೇಳಿಸ್ತಿಲ್ವಾ? ಪೂರ್ತಿ ಭಾರ ಬಿದ್ದಿಲ್ಲ, ಹಗ್ಗ ಹಿಡ್ಕೊಂಡಿದೆ. ಆದ್ರೆ ಎಳೆ ಎಳೆಯಾಗಿ ಬಿಚ್ಕೊಳ್ತಿದೆ.

...

ಫೈರ್ ಸ್ಟೇಷನ್‌ಗೆ ಮಾಡಾಯ್ತು, ಅರ್ಧ ಗಂಟೆ ಅಂತಾರೆ. ಅಷ್ಟು ಹೊತ್ತು ಇದು ತಡೆಯಲ್ಲ. ನಾನು ಅಟ್ಟದ ಮೇಲೆ ರಾಟೆ ಹತ್ರಾನೇ ನಿಂತಿದೀನಿ. ಹಿಡಿ ತಿರುಗ್ತಾ ಇಲ್ಲ. ಎರಡು ಕಬ್ಬಿಣದ ಗೂಟ ಇವೆ, ಒಂದು ಬಿಚ್ಚಬೇಕು ಅನ್ಸುತ್ತೆ. ಯಾವುದು?

...

ಎಡಗಡೇದು ಮುಟ್ಟಬಾರದು, ಎಳೆದ್ರೆ ತೊಟ್ಟಿಲು ಪೂರ್ತಿ ಕೆಳಗೆ ಬೀಳುತ್ತೆ. ಸರಿ. ಎಡ ಅಂದ್ರೆ ಯಾವ ಕಡೆ? ಕಿಟಕಿ ಕಡೇದಾ, ಏಣಿ ಕಡೇದಾ?... ಯೋಚನೆ ಮಾಡಿ ಹೇಳಿ, ಅಮ್ಮಾವ್ರೇ, ಕೈಮುಗೀತೀನಿ.

...

ಕಿಟಕಿ ಕಡೇದು ಮುಟ್ಟಬಾರದು. ಖಾತ್ರೀನಾ? ನೆನಪು ತಪ್ಪಿದ್ರೆ ನನ್ನಣ್ಣ ಉಳಿಯಲ್ಲ. ಬಂಗಲೆ ಮಕ್ಕಳನ್ನ ಅಟ್ಟ ಹತ್ತಿಸ್ತಾನೇ ಇರ್ಲಿಲ್ಲ ಅಂತ ನೀವೇ ಅಂದಿದ್ರಲ್ಲ, ನಿಮಗೆ ಹೇಗೆ ಗೊತ್ತು?

...

ಏನಂದ್ರಿ?

...

ನೀವೇ ಎಳೆದಿದ್ರಾ? ಕಿಟಕಿ ಕಡೇದನ್ನ?... ಆಗ ನಿಮಗೆ ಎಷ್ಟು ವಯಸ್ಸು?... ಒಂಬತ್ತು. ಕೆಳಗೆ ಯಾರಿದ್ರು?

...

ಸಾರೋಟು ಹೊಡೆಯೋನು.

...

ಇಲ್ಲ, ಇದೀನಿ, ಲೈನಲ್ಲೇ ಇದೀನಿ. ಅದು ಆಮೇಲೆ. ಈಗ ಅಣ್ಣ. ಏಣಿ ಕಡೇದು ಎಳೀತಿದೀನಿ. ಫೋನು ಜೇಬಲ್ಲಿರುತ್ತೆ, ಇಡಬೇಡಿ... ಥೂ, ತುಕ್ಕು ಹಿಡಿದಿದೆ... ಅಣ್ಣಾ! ನಾನು ಎತ್ತಿದ ತಕ್ಷಣ ಕಾಲು ಎಳ್ಕೋ! ನೋವಾದ್ರೂ ಎಳ್ಕೋ!... ಬಂತು, ಗೂಟ ಬಂತು. ಹಿಡಿ ತಿರುಗ್ತಿದೆ... ಎಳ್ಕೋ! ಇನ್ನೂ! ಎಳ್ಕೊಳೋ!

...

ಅಮ್ಮಾವ್ರೇ, ಇದೀರಾ?... ಬಂದ. ಆಚೆ ಬಂದ. ಗೋಡೆಗೆ ಒರಗಿ ಕೂತು ನನ್ನನ್ನೇ ಬೈತಿದಾನೆ, ಬೈಲಿ ಬಿಡಿ. ಕಾಲು ಊದಿದೆ, ಬೆರಳು ಆಡಿಸ್ತಿದಾನೆ... ಹಾಂ, ಆಸ್ಪತ್ರೆಗೇ. ಗಾಡಿ ಬರ್ತಿದೆ.

...

ಅಳಬೇಡಿ. ನಾನೊಂದು ಮಾತು ಹೇಳ್ಬೇಕು. ಅವತ್ತು ಕೆಳಗಿದ್ರಲ್ಲ, ಅವರು ನಮ್ಮಪ್ಪ.

...

ಹೌದು. ಆ ಸಾರೋಟಿನವನ ಮಕ್ಕಳೇ ನಾವು. ಅಪ್ಪನ ಕೈ ಮುಟ್ಟಿದ ಸಾಮಾನು ಇಲ್ಲಿ ಒಂದಾದ್ರೂ ಉಳಿದಿರುತ್ತೆ, ನೋಡೋಣ ಅಂತ ಈ ಕೆಲಸ ಒಪ್ಪಿಕೊಂಡ್ವಿ. ನಿಮಗೆ ಹೇಳೋಕೆ ಬಾಯಿ ಬರ್ಲಿಲ್ಲ. ಕುಡಿದು ಗೂಟ ಸರಿಯಾಗಿ ಹಾಕ್ಲಿಲ್ಲ, ತೊಟ್ಟಿಲು ಬಿದ್ದು ಸೊಂಟ ಮುರ್ಕೊಂಡ ಅಂತ ನಿಮ್ಮ ತಂದೆ ನಮ್ಮನೆಯವರಿದ್ದ ಮೇಲಿನ ಕೋಣೆ ಖಾಲಿ ಮಾಡಿಸಿದ್ರು. ಅಪ್ಪ ಒಂದು ತೊಟ್ಟೂ ಮುಟ್ಟಿದವರಲ್ಲ.

...

ಇಲ್ಲ, ತೀರ್ಕೊಂಡು ಹನ್ನೊಂದು ವರ್ಷ ಆಯ್ತು. ಗೂಟ ತಾನಾಗೇ ಬಿಚ್ಚಲ್ಲ ಅಂತ ಸಾಯೋವರೆಗೂ ಹೇಳಿದ್ರು. ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ನಾನೂ ನಂಬಿರ್ಲಿಲ್ಲ, ಅಮ್ಮಾವ್ರೇ. ನಮ್ಮಮ್ಮನೂ ನಂಬ್ಲಿಲ್ಲ. ಒಪ್ಪಿಕೊಂಡುಬಿಡಿ ಅಂತ ಅಪ್ಪನ ಪ್ರಾಣ ತಿಂದಳು.

...

ನಿಮ್ಮನ್ನ ಬೈದು ನನಗೇನಾಗ್ಬೇಕು? ಒಂಬತ್ತು ವರ್ಷದ ಮಗು. ಆದ್ರೆ ಆಮೇಲೆ ದೊಡ್ಡವರಾದ್ರಲ್ಲ, ಅವಾಗಾದ್ರೂ...

...

ಹೆದರಿಕೆ. ಹಾಂ. ಇರ್ಬಹುದು.

...

ಕ್ಷಮೆ ನನ್ನ ಹತ್ರ ಕೇಳಬೇಡಿ. ಅಮ್ಮ ಇದಾಳೆ, ಬಂದು ಅವಳಿಗೆ ಹೇಳಿ. ನಾನು ಹೇಳಿದ್ರೆ ಅಪ್ಪನ ಪರ ಕಥೆ ಕಟ್ತೀಯಾ ಅಂತಾಳೆ... ಇಲ್ಲ, ಫೋನಲ್ಲಿ ಬೇಡ.

...

ನಾಳೆ ಬೆಳಿಗ್ಗೇನಾ? ನಿಜವಾಗ್ಲೂ ಬರ್ತೀರಾ?... ಬರ್ಕೊಳ್ಳಿ ಹಾಗಾದ್ರೆ. ಮಾರ್ಕೆಟ್ ಹಿಂದಿನ ಬೀದಿ, ಸೌದೆ ಡಿಪೋ ಪಕ್ಕ, ಹಸಿರು ಬಾಗಿಲು... ಹಾಂ, ಅದೇ.

...

ಇನ್ನೊಂದು ಮಾತು. ಬಂಗಲೆಯವರು ಅಂದ್ರೆ ಅಮ್ಮ ಇವತ್ತಿಗೂ ಎದ್ದು ನಿಂತ್ಕೋತಾಳೆ. ಮೊದಲು ಅವಳನ್ನ ಕೂರಿಸಿ, ಅಮ್ಮಾವ್ರೇ. ಕೂರಿಸಿ, ಆಮೇಲೆ ಹೇ...

ಹಲೋ?... ಹಲೋ?