ಬೀಗ ಕೇಳಿದವಳು

…ಬೀಗ, ಬೀಗ, ಬೀಗ! ಬಂದಾಗಿಂದ ಅದೊಂದೇ ಮಾತು ಕಣವ್ವ ನಿಂದು. ಮೊದ್ಲು ಕುಂತ್ಕ. ಆ ಕುರ್ಚಿ ಬ್ಯಾಡ, ಅದರ ಮೇಲೆ ವೈರಿನ ಸುರುಳಿ ಐತೆ, ಈ ಕಡೆ ಕುಂತ್ಕ. ಲೇ ಜಯಾ, ಮೇಘಶ್ರೀ ಬಂದವ್ಳೆ, ಎರಡು ಟೀ ಇಡು!… ಕೇಳಿಸ್ತೋ ಇಲ್ವೋ. ನಿಮ್ಮತ್ತೆ ಹೂಂ ಅನ್ನೋದೇ ಅಪರೂಪ. ಇರ್ಲಿ, ಇಡ್ತಾಳೆ.

ಹ್ಞಾ, ಏನಂದೆ? ಒಂದು ಒತ್ತು ಒತ್ತಿದ್ರೆ ಸಾಕಾ? ಅದು ನಂಗೂ ಗೊತ್ತೈತೆ. ನಿನ್ನ ವೆಬ್‌ಸೈಟಿಗೆ ಹೆಸರು ಕೊಡಿಸಿದೋನು ನಾನು, ಆ ಹೆಸರು ಇರೋದು ನನ್ನ ಖಾತೇಲಿ. ಅದಕ್ಕೆ ಬೀಗ ಹಾಕ್ಬೇಕು ಅಂದ್ರೆ ಒಪ್ಪಿಗೆ ಕೇಳ್ಕಂಡು ಬರೋದು ನನ್ನ ಫೋನಿಗೆ. ಬಂದೈತೆ. ನೋಡಿಲ್ಲಿ, ಬಂದು ಕುಂತೈತೆ. ಒತ್ತಲ್ಲ ಅಂತ ನಾನೆಲ್ಲಿ ಅಂದೆ? ಯಾಕೆ ಅಂತ ಕೇಳ್ದೆ, ಅಷ್ಟೇ. ಕೇಳಬಾರ್ದಾ? ಈ ಚಿಕ್ಕಜಾಜೂರಲ್ಲಿ ಮನೆಮನೆಗೆ ಇಂಟರ್‌ನೆಟ್ ವೈರು ಎಳೆದೋನು ನಾನು. ರೈಲ್ವೆ ಕ್ವಾರ್ಟರ್ಸಿಗೆ ಎಳೆದೋನೂ ನಾನೇ. ಮೇಲಾಗಿ ನಿಮ್ಮವ್ವ ಚಂದ್ರಕ್ಕನ ಒಡಹುಟ್ಟಿದ ತಮ್ಮ. ಸೋದರಮಾವ ಅನ್ನೋನು ಒಂದು ಮಾತು ಕೇಳಬಾರ್ದಾ?

ನಗಬ್ಯಾಡ. ಇದು ನಗೋ ವಿಷಯ ಅಲ್ಲ. ಪಾಪಣ್ಣನ್ನ ಕೇಳು, ನಗೋದೋ ಅಳೋದೋ ಅಂತ ಹೇಳ್ತಾನೆ. ರಾಮಗಿರಿ ಪಾಪಣ್ಣ… ಅದೇ, ಕುರಿ ಪಾಪಣ್ಣ. ಮಾರೋ ಕುರಿಗಳ ಫೋಟೋ ಹಾಕ್ಕಂಡು, ವಯಸ್ಸು, ತೂಕ, ಹಲ್ಲು ಎಲ್ಲ ಬರ್ಕಂಡು, ಚೆನ್ನಾಗಿ ಒಂದು ವೆಬ್‌ಸೈಟ್ ನಡೆಸ್ತಿದ್ದ. ಅವನ ಪಾಡಿಗೆ ಅವನಿದ್ದ. ಒಂದಿನ ನೋಡಿದ್ರೆ ಎಲ್ಲರ ಫೋನಲ್ಲೂ ಅವನ ಪುಟದ ನೆತ್ತಿ ಮೇಲೆ ‘ಸುರಕ್ಷಿತವಲ್ಲ’ ಅಂತ ಬರ್ತಾ ಐತೆ! ಯಾಕಪ್ಪಾ ಅಂದ್ರೆ ಬೀಗ ಇಲ್ವಂತೆ. ಪ್ರಪಂಚದಾಗೆ ಎಲ್ಲ ವೆಬ್‌ಸೈಟಿಗೂ ಬೀಗ ಇರ್ಲೇಬೇಕಂತೆ, ಇಲ್ದಿದ್ರೆ ಹಿಂಗೆ ಮರ್ಯಾದೆ ತೆಗೀತಾರಂತೆ. ಹೊಸದುರ್ಗದಿಂದ ಒಬ್ಬ ಫೋನ್ ಮಾಡಿ, ‘ಏನಣ್ಣ, ನಿನ್ನ ಕುರಿಗೆ ಏನ್ ರೋಗ ಬಂದೈತೆ?’ ಅಂತ ಕೇಳ್ದ. ಆಮೇಲೆ ಎಲ್ಲರೂ ಅದನ್ನೇ ಕೇಳೋರು. ಪಾಪಣ್ಣ ಪಾಪ, ಪಶು ಡಾಕ್ಟರನ್ನ ಕರ್ಕಂಬಂದು ಮಂದೆ ಪೂರ್ತಿ ತೋರಿಸಿ, ಯಾವ ರೋಗಾನೂ ಇಲ್ಲ ಅಂತ ಬರೆಸ್ಕಂಡು, ಆ ಕಾಗದದ ಫೋಟೋ ತೆಗೆದು ವೆಬ್‌ಸೈಟಿಗೆ ಹಾಕ್ದ. ಆ ಕಾಗದದ ನೆತ್ತಿ ಮೇಲೂ ‘ಸುರಕ್ಷಿತವಲ್ಲ’ ಅಂತಾನೇ ಬಂತು.

ಮತ್ತೆ ನಗ್ತೀಯಲ್ಲ!

ಹೂಂ, ಬೀಗ ಹಾಕಿಸ್ದ. ಸರಿಹೋಯ್ತು. ಎಷ್ಟು ದಿನ? ಆ ಬೀಗಕ್ಕೂ ವಾಯಿದೆ ಐತೆ ಕಣವ್ವ, ಔಷಧಿ ಸೀಸೆಗೆ ಇದ್ದಂಗೆ. ವಾಯಿದೆ ಮುಗಿದ ದಿನ ಇವನು ಕುರಿ ಹೊಡ್ಕಂಡು ಹಿರಿಯೂರು ಕಡೆ ಹೋಗಿದ್ದ. ಬಂದು ನೋಡಿದ್ರೆ ಪುಟಾನೇ ತೆರೀತಿಲ್ಲ, ಅಪಾಯ ಅಪಾಯ ಅಂತ ಕೆಂಪಗೆ ಬರ್ತೈತೆ. ಇನ್ನು ನಮ್ಮ ಬೀದಿ ಕಾಟಯ್ಯನ ಫೋನು ನೋಡಿದೀಯಲ್ಲ, ರಬ್ಬರ್ ಬ್ಯಾಂಡ್ ಹಾಕಿರೋದು? ಬೀಗ ಇರೋ ಪುಟ ಅದರಲ್ಲಿ ಬರೋದೇ ಇಲ್ಲ. ಅದು ಅಷ್ಟು ಹಳೇದು. ಅವನಿಗೆ ಹೊಸ ಫೋನು ಬೀಗದೋರು ಕೊಡಿಸ್ತಾರಾ? ಎಲ್ಲೋ ಕುಂತ್ಕಂಡು ಇವನು ಸಾಚಾ, ಇವನು ಕಳ್ಳ ಅಂತ ಮುದ್ರೆ ಒತ್ತೋಕೆ ಇವರು ಯಾರು ಅಂತೀನಿ. ಕುರಿ ರೇಟು ಮುಚ್ಚಿಡೋ ವಿಷಯಾನಾ? ರೈಲು ಎಷ್ಟೊತ್ತಿಗೆ ಅನ್ನೋದು ಮುಚ್ಚಿಡೋ ವಿಷಯಾನಾ?

ಆಯ್ತು, ಆಯ್ತು. ನಿಂದು ಕುರಿ ವ್ಯಾಪಾರ ಅಲ್ಲ, ಒಪ್ಕಂಡೆ. ನೀನು ಆಸ್ಪತ್ರೆ ನರ್ಸು. ಎದುರಿಗೆ ಬಾಯಿ ಬಿಟ್ಟು ಹೇಳೋಕಾಗದ್ದನ್ನ ಹೆಂಗಸರು ನಿನ್ನ ವೆಬ್‌ಸೈಟಲ್ಲಿ ಹೆಸರಿಲ್ದೆ ಬರೀತಾರೆ, ನೀನೊಬ್ಬಳೇ ಓದಿ ಉತ್ತರ ಬರೀತೀಯ. ಒಳ್ಳೇ ಕೆಲಸ. ಸ್ಟೇಷನ್ ಹತ್ರ ನಿಂತ್ಕಂಡು ಎಷ್ಟು ಜನದ ಮುಂದೆ ಹೊಗಳಿದೀನಿ, ನನ್ನ ಸೊಸೆ ಹಿಂಗೆ ಹಂಗೆ ಅಂತ! ಆದ್ರೆ ಹೆಸರೇ ಇಲ್ಲ ಅಂದ ಮೇಲೆ ಬೀಗ ಯಾಕೆ ಅನ್ನೋದು ನನ್ನ ಪ್ರಶ್ನೆ. ಮೊಣಕಾಲು ನೋವು, ನಿದ್ದೆ ಬರಲ್ಲ, ಮನೇಲಿ ಮಾತಾಡೋರಿಲ್ಲ… ಇಂಥದ್ದನ್ನ ಕದ್ದು ಯಾರೇನು ಮಾಡ್ಕಂತಾರೆ?

ಯಾಕೆ ಹಂಗೆ ನೋಡ್ತೀಯ? ಊಹೆ ಕಣವ್ವ. ಹೆಂಗಸರು ಇನ್ನೇನು ಬರೀತಾರೆ?

ನೀನು ಹುಟ್ಟೋಕೆ ಮುಂಚೆ ಇಲ್ಲಿ ಜಂಪಣ್ಣ ಅಂತ ಪೋಸ್ಟ್‌ಮ್ಯಾನ್ ಇದ್ದ. ಬಂದ ಕಾರ್ಡೆಲ್ಲ ದಾರೀಲೇ ಓದ್ಕಂಡು ಬರೋನು. ಮೊದ್ಲು ಸುದ್ದಿ ಹೇಳೋನು, ಆಮೇಲೆ ಕಾರ್ಡು ಕೊಡೋನು. ‘ಗಂಡು ಮಗು ಕಣಮ್ಮ, ಇಬ್ಬರೂ ಆರಾಮವ್ರೆ’ ಅಂತ ಬೀದಿ ತುದೀಲೇ ಕೂಗೋನು. ಸಾವಿನ ಸುದ್ದಿ ಇದ್ರೆ ಸೈಕಲ್ ಬೆಲ್ ಹೊಡೀತಿರಲಿಲ್ಲ, ಇಳಿದು ತಳ್ಕಂಡು ಬರೋನು. ಬೆಲ್ ಕೇಳದಿದ್ರೆ ಸಾಕು, ನಮ್ಮವ್ವ ಸೆರಗು ಬಾಯಿಗೆ ಇಟ್ಕಂಡು ಬಾಗಿಲಿಗೆ ಬರೋಳು. ಓದಿದ ಅಂತ ಯಾರಾದ್ರೂ ಅವನ ಮೇಲೆ ಜಗಳ ಮಾಡಿದ್ರಾ? ಮನೆಯವನಂಗೆ ಇದ್ದ. ಓದಿದ್ರೆ ಏನಾಗುತ್ತೆ ಮೇಘಾ? ಓದೋನು ಒಳ್ಳೆಯೋನಾಗಿದ್ರೆ…

ಇನ್‌ಲ್ಯಾಂಡ್ ಲೆಟರಾ? ಹೂಂ… ಅದನ್ನ ಅಂಟಿಸಿ ಕಳಿಸೋರು. ನಿಜ. ಮನಸಿನ ಮಾತಿದ್ರೆ ಕಾರ್ಡಲ್ಲಿ ಬರೀತಿರಲಿಲ್ಲ, ಅದೂ ನಿಜ. ಜಂಪಣ್ಣ ಅದನ್ನ ಬಿಸಿಲಿಗೆ ಹಿಡಿದು ನೋಡೋನು ಅಂತಾರಪ್ಪ, ನಾನು ಕಂಡಿಲ್ಲ.

ದಾರೀಲಿ ಯಾರಾದ್ರೂ ಓದಬಹುದು ಅಂತೀಯ. ಯಾವ ದಾರಿ? ಅವರ ಫೋನಿಂದ ಈ ಗೋಡೆ ಮೇಲಿರೋ ನನ್ನ ಪೆಟ್ಟಿಗೆಗೆ ಬರುತ್ತೆ, ಇಲ್ಲಿಂದ ಚಿತ್ರದುರ್ಗಕ್ಕೆ ಹೋಗುತ್ತೆ, ಅಲ್ಲಿಂದ ಪ್ರಪಂಚಕ್ಕೆ. ಅಂದ್ರೆ ದಾರೀಲಿ ಇರೋನು ನಾನೇ ಆದೆ. ನನ್ನ ಮೇಲೆ ಅನುಮಾನಾನಾ ಹಂಗಾದ್ರೆ? ನಿನ್ನ ಎತ್ತಿ ಆಡಿಸಿದ ಮಾವನ ಮೇಲೆ?… ಅಂದಿಲ್ಲ. ಹೂಂ, ನೀನು ಅಂದಿಲ್ಲ. ನಾನೇ ಅಂದೆ.

ಅಲ್ಲ, ಇದನ್ನೆಲ್ಲ ನಿನ್ನ ತಲೆಗೆ ತುಂಬಿದೋರು ಯಾರು? ಒಬ್ಬಳು ಕೇಳಿದ್ಲು ಅಂದ್ಯಲ್ಲ, ಯಾರವಳು? ನಮ್ಮ ಬೀದಿಯೋಳಾ?… ಹೇಳಲ್ಲ. ನರ್ಸುಗಳು ಹೇಳಬಾರ್ದು. ಸರಿ. ಬೀಗ ಹಾಕದಿದ್ರೆ ಇನ್ನೊಂದಕ್ಷರ ಬರಿಯಲ್ಲ ಅಂದ್ಲಾ? ಉಳಿದೋರಿಗೂ ಬರೀಬ್ಯಾಡ್ರಿ ಅಂತ ಹೇಳ್ತೀನಿ ಅಂದ್ಲಾ? ಅಷ್ಟು ಜೋರಾ! ಹಂಗಾದ್ರೆ ನೀನು ಕಟ್ಟಿದ್ದೆಲ್ಲ ಒಂದೇ ದಿನಕ್ಕೆ ಮುಚ್ಚಿಹೋಗುತ್ತೆ ಅನ್ನು. ಅದಕ್ಕೇ ಈಪಾಟಿ ಮುಖ ಸಣ್ಣ ಮಾಡ್ಕಂಡಿದೀಯ. ಯಾವಾಗ ಬರೆದ್ಲು ಇದನ್ನ? ನಾನು ನೋಡ್ಲೇ… ಅಲ್ಲ, ನೋಡು, ಯಾವಾಗ ಬರೆದ್ಲು ಅಂದೆ. ಬರೀಲಿಲ್ವಾ? ಆಸ್ಪತ್ರೆಗೇ ನಡ್ಕಂಬಂದು ಬಾಯಲ್ಲಿ ಹೇಳಿದ್ಲಾ?

ಓ.

ಅಲ್ಲ, ಸುಮ್ನೆ ಓ ಅಂದೆ.

ನಿಮ್ಮತ್ತೆನಾ? ಆರಾಮವ್ಳೆ. ಯಾಕೆ ಇದ್ದಕ್ಕಿದ್ದಂಗೆ ಅವಳನ್ನ ಕೇಳ್ತೀಯ? ಆರಾಮವ್ಳಪ್ಪ. ನಾನೂ ಈಗ ಮೊದಲಿನಂಗಿಲ್ಲ. ಬಾಲರಾಜುಗೆ ವೈರೇ ಹೆಂಡ್ತಿ ಅಂತ ನಿಮ್ಮವ್ವ ಅಂತಿದ್ಲಲ್ಲ, ಈಗ ಬಂದು ನೋಡಕ್ಕೆ ಹೇಳು. ಅವಳಿಗೆ ಮೊಣಕಾಲು ನೋವು, ಮೆಟ್ಟಿಲು ಇಳಿಯೋವಾಗ ಕಣ್ಣಲ್ಲಿ ನೀರು ಬರುತ್ತೆ. ನಾನೇ ಎಣ್ಣೆ ತಂದ್ಕೊಟ್ಟೆ. ಜೋಗಿಮಟ್ಟಿಗೆ ಕರ್ಕಂಡು ಹೋಗಿದ್ದೆ, ಗೊತ್ತಾ? ಬೈಕಲ್ಲಿ! ನಡಿ ಹೋಗಾಣ ಅಂದೆ, ಅಷ್ಟೇ. ರೈಲಲ್ಲಿ ಹೋಗುವಾಗೆಲ್ಲ ಕಿಟಕೀಲಿ ಆ ಗುಡ್ಡದ ಮೇಲಿನ ಗಾಳಿ ಫ್ಯಾನುಗಳನ್ನ ನೋಡ್ತಾಳಂತೆ. ಅವು ಹತ್ರದಿಂದ ಎಷ್ಟು ದೊಡ್ಡವಿರಬಹುದು, ಸದ್ದು ಮಾಡ್ತವಾ ಇಲ್ವಾ ಅಂತ ಯೋಚನೆ ಮಾಡ್ತಾಳಂತೆ. ಕೇಳೋಕೆ ಯಾರೂ ಇಲ್ವಂತೆ.

ಯಾರು ಹೇಳಿದ್ರು ಅಂದ್ರೆ? ಅವಳೇ… ಹೇಳಿದ್ಲು. ಹೇಳಿದಂಗೆ. ಗಂಡಹೆಂಡ್ತಿ ಅಂದ ಮೇಲೆ ಗೊತ್ತಾಗುತ್ತಪ್ಪ! ಮೇಲೆ ಹತ್ತಿಸಿ ನಿಲ್ಲಿಸಿದ್ರೆ ಫ್ಯಾನ್ ನೋಡ್ಲೇ ಇಲ್ಲ. ನನ್ನ ಮುಖಾನೇ ನೋಡ್ತಿದ್ಲು.

ಹೆಂಗಸರು ಅರ್ಥ ಆಗಲ್ಲ ಮೇಘಾ. ಮೊನ್ನೆ ಹೊಳಲ್ಕೆರೆಗೆ ಹೋದೋನು ಸಂಪಿಗೆ ಹೂವ ತಂದೆ. ಎಲೇಲಿ ಕಟ್ಟಿಸ್ಕಂಡು, ಬಾಡದಂಗೆ, ಅಂಗಿ ಜೇಬಲ್ಲಿ ಇಟ್ಕಂಡು ತಂದೆ. ಕೈಗಿಟ್ರೆ ಹಾವು ಕಂಡಂಗೆ ನಿಂತ್ಲು. ಮುಡೀಲಿಲ್ಲ. ಗೋಡೆ ಗೂಡಲ್ಲಿ ಇಟ್ಟು ಒಳಗೆ ಹೋದ್ಲು. ಅದೇನು?… ತಲೆನೋವಾ? ಸಂಪಿಗೆ ವಾಸನೆ ಅಂದ್ರೆ ಅವಳಿಗೆ ತಲೆನೋವಾ? ನಿಂಗೂ ಗೊತ್ತಾ? ಚಂದ್ರಕ್ಕಂಗೂ ಗೊತ್ತಾ? ಮದುವೇಲೇ ಸಂಪಿಗೆ ದಂಡೆ ಬ್ಯಾಡ ಅಂತ ಅತ್ತಿದ್ಲಾ? ನಂಗೆ ಯಾರೂ ಹೇಳ್ಲೇ ಇಲ್ವಲ್ಲ… ಮತ್ತೆ ಯಾಕೆ ಸಂಪಿಗೆ ಅಂದ್ರೆ ಪ್ರಾಣ, ತಂದ್ಕೊಡೋರೇ ಇಲ್ಲ ಅಂತ…

ಅಂತ ಅಂದ್ಕಂಡೆ ನಾನು. ಅಂದ್ಕಂಡೆ ಅಷ್ಟೇ.

ಹ್ಞಾ, ಬಂತು ನೋಡು ಟೀ. ಬಾ ಜಯಾ. ಇಡು, ಇಲ್ಲಿಡು… ಒಂದೇ ಲೋಟ ತಂದಿದೀಯಲ್ಲ? ನಂಗೆ? ಜಯಾ… ಹೋದ್ಲು. ನೋಡಿದ್ಯಾ, ಎರಡು ಅಂತ ಕೂಗಿ ಹೇಳಿದ್ದೆ ತಾನೇ? ನಿನ್ನ ಭುಜದ ಮೇಲೆ ಯಾಕೆ ಕೈಯಿಟ್ಲು? ಏನೋ ಒತ್ತಿದಂಗಿತ್ತು. ಏನು ನಿಮ್ಮಿಬ್ಬರದು?

ಮೇಘಾ.

ಬೀಗ ಕೇಳಿದೋಳು ಯಾರು?

ಯಾರು ಅಂದೆ. ಹೆಸರು ಬ್ಯಾಡ. ಬೇರೆ ಬೀದಿಯೋಳು ಅನ್ನು ಸಾಕು, ಈಗಿಂದೀಗ್ಲೇ ಒತ್ತಿಬಿಡ್ತೀನಿ. ರೈಲ್ವೆ ಕ್ವಾರ್ಟರ್ಸಿನೋಳು ಅನ್ನು. ರಾಮಗಿರಿಯೋಳು ಅನ್ನು. ಅನ್ನವ್ವ… ಟೀ ಲೋಟ ಏನು ನೋಡ್ತೀಯ, ನನ್ನ ನೋಡು.



ಸಂಪಿಗೆ… ಬೇಕು ಅಂತಾನೇ ಬರೆದ್ಲಾ? ನಾನು ತರ್ತೀನೋ ಇಲ್ವೋ ನೋಡಾಣ ಅಂತ?

ನಾನೂ ಎಂಥೋನು! ಎಲೇಲಿ ಕಟ್ಟಿಸ್ಕಂಡು ತಂದೆ.

ಹೂಂ. ಓದ್ತಿದ್ದೆ. ಮೊದಲ ಸಲ ಏನೋ ರಿಪೇರಿ ಮಾಡ್ತಾ ಕಣ್ಣಿಗೆ ಬಿತ್ತು, ದೇವರಾಣೆ. ಬೇರೆಯವರದ್ದು ಕಂಡ್ರೆ ದಾಟಿಸಿಬಿಡ್ತಿದ್ದೆ. ಇದು ನಮ್ಮನೆ ವೈರಿಂದಾನೇ ಬರ್ತಿತ್ತು. ಒಳಗಿನ ಕೋಣೆಯಿಂದ ಈ ಕೋಣೆಗೆ. ಬಿಡೋಕಾಗ್ಲಿಲ್ಲ ಮೇಘಾ. ನನ್ನ ಹತ್ರ ಅವಳು ಉಪ್ಪು ತಗಂಬಾ, ಗ್ಯಾಸ್ ಮುಗಿದೈತೆ ಅನ್ನೋದು ಬಿಟ್ರೆ ಮಾತೇ ಆಡಲ್ಲ. ಅಲ್ಲಿ ಎಷ್ಟು ಮಾತಾಡ್ತಾಳೆ! ಎಷ್ಟು ಚಂದ ಬರೀತಾಳೆ! ಅವಳಲ್ಲಿ ಅಷ್ಟೊಂದು ಮಾತೈತೆ ಅಂತಾನೇ ನಂಗೆ ಗೊತ್ತಿರಲಿಲ್ಲ. ನೀನು ಉತ್ತರ ಬರೆಯೋದು ತಡ ಆದ್ರೆ ನಾನು ಇಲ್ಲಿ ಕುಂತ್ಕಂಡು ಒದ್ದಾಡ್ತಿದ್ದೆ, ಇವಳು ಇನ್ನೂ ಯಾಕೆ ಬರೀಲಿಲ್ಲ ಅಂತ. ಬೀಗ ಬಿದ್ರೆ ಇನ್ನು ನಂಗೆ ಯಾವುದೂ ಕೇಳಿಸಲ್ಲ. ಅದಕ್ಕೇ… ಪಾಪಣ್ಣನ ಕುರಿ, ಕಾಟಯ್ಯನ ಫೋನು, ಅವೆಲ್ಲ ಸುಳ್ಳಲ್ಲ. ನಿಜಾನೇ. ಆದ್ರೆ ಅದಕ್ಕೇ.

ಏನಾದ್ರೂ ಅನ್ನು. ಬೇಕಾದ್ರೆ ಬಯ್ಯಿ.



ಆಯ್ತು. ಫೋನ್ ಎಲ್ಲಿಟ್ಟೆ… ಇಲ್ಲೈತೆ. ಒಪ್ಪಿಗೆ. ಒತ್ತಿದೆ, ನೋಡು. ಬಂತಾ? ನಿನ್ನ ಫೋನಲ್ಲಿ ನೋಡು, ಬೀಗದ ಗುರುತು ಬಂತಾ? ಸ್ವಲ್ಪ ಹೊತ್ತು ಹಿಡಿಯುತ್ತೆ. ತೆಗೆದು ಮತ್ತೆ ನೋಡು… ಬಂತು. ಸುರಕ್ಷಿತ ಅಂತ ಐತಾ? ಒಳ್ಳೇದಾಯ್ತು.

ಒಂದೇ ಒಂದು ಕೇಳ್ತೀನಿ. ಯಾವಾಗಾದ್ರೂ, ಹಿಂಗೆ ಬಂದಾಗ… ಅವಳ ಮೊಣಕಾಲು ಹೆಂಗೈತೆ ಅಂತ, ಅಷ್ಟು ಮಾತ್ರ ನಂಗೆ ಹೇಳ್ತೀಯಾ? ಬೇರೇನೂ ಬ್ಯಾಡ. ಎಣ್ಣೆ ಹಿಡಿಸ್ತೋ ಇಲ್ವೋ, ಅಷ್ಟು.

ಹೇಳಲ್ವಾ.

ಸರಿ ಬಿಡು. ಟೀ ಕುಡಿ, ಆರೋಗ್ತೈತೆ… ಕುಡಿದಾಯ್ತಾ? ಹೊರಟ್ಯಾ? ಚಂದ್ರಕ್ಕಂಗೆ ಕೇಳ್ದೆ ಅಂತ ಹೇಳು. ಲೋಟ ಇಲ್ಲಿ ಕೊಡು. ಬ್ಯಾಡ ಬ್ಯಾಡ, ನೀನು ಕೂಗಬ್ಯಾಡ ಅವಳನ್ನ.

ನಾನೇ ಒಳಗೆ ತಗಂಡೋಗಿ ಕೊಡ್ತೀನಿ.