ಬಲಗಡೆ ಚಕ್ರದ ಅಡಿಯಿಂದ

ಮೂರು ಗಂಟೆಗೆ ಹಿಡಿದ ಮಳೆ ಐದಾದರೂ ಬಿಟ್ಟಿರಲಿಲ್ಲ. ಗ್ಯಾರೇಜಿನ ತಗಡಿನ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಬೇಕಾದರೆ ಒತ್ತಿಕೊಂಡೇ ಕೂರಬೇಕಿತ್ತು. ಹಾಗೆ ಬೆಂಚಿನ ಮೇಲೆ ಕೂತಿದ್ದವರು ಮೂವರು: ಮುದುಕ ಮೇಸ್ತ್ರಿ, ಪಕ್ಕದ ಪಂಕ್ಚರ್ ಅಂಗಡಿಯವ, ಮತ್ತು ತನ್ನ ಅಪ್ಪನ ಅರವತ್ತು ವರ್ಷದ ಕಾರಿಗಾಗಿ ನಾಲ್ಕನೇ ಸಲ ಬಂದಿದ್ದ ಟೀಚರಮ್ಮ. ನಾಳೆ ಬೆಳಗ್ಗೆ ಅಪ್ಪನನ್ನು ಆಸ್ಪತ್ರೆಯಿಂದ ಮನೆಗೆ ಕರೆತರಬೇಕು. ಬಂದರೆ ನನ್ನ ಕಾರಲ್ಲೇ ಬರುವುದು ಎಂದು ಆತ ಹಟ ಹಿಡಿದಿದ್ದ. ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಆಕೆಗೆ ಮಾತ್ರ ಹೇಳಿದ್ದರು. ಹನ್ನೊಂದು ದಿನದಿಂದ ನಿದ್ದೆಗೆಟ್ಟಿದ್ದ ಆಕೆಗೆ ಜಗಳವಾಡಲೂ ತ್ರಾಣವಿರಲಿಲ್ಲ.

"ಹೊಸ ಪಿನ್ನು, ಹೊಸ ಬುಷ್ಷು, ಎಲ್ಲ ಹಾಕಾಯ್ತು ಅಂದ್ರಿ. ಇನ್ನೇನು ಮೇಸ್ತ್ರಿ? ಕೊಟ್ಬಿಡಿ."

"ಕೊಡಬಹುದಿತ್ತಮ್ಮ..." ಮೇಸ್ತ್ರಿ ಮಂಡಿ ನೀವಿಕೊಂಡ. "ಈ ಮಳೇಲಿ ಎಲ್ಲಿಗೆ ಹೋಗ್ತೀರಿ? ಒಂದು ವಿಷಯ ಹೇಳ್ತೀನಿ, ಕೇಳಿದ ಮೇಲೆ ಬೈಯೋದಿದ್ರೆ ಬೈದುಬಿಡಿ.

"ನನ್ನ ಹೆಂಡ್ತಿ ತಮ್ಮ ಒಬ್ಬ ಇದ್ದ. ಹದಿನಾಲ್ಕು ವರ್ಷ ಇಲ್ಲೇ ನನ್ನ ಜೊತೆ ದುಡಿದ. ಬಾಯಿಬಡುಕ ಅಂದ್ರೆ ಬಾಯಿಬಡುಕ, ಗಾಡಿ ಕೆಳಗೆ ಮಲಗಿದಾಗ ಮಾತ್ರ ಸುಮ್ಮನಿರೋನು. ಈ ಹಳೇ ಗಾಡಿಗಳ ಮುಂದಿನ ಚಕ್ರ ತಿರುಗೋದು ಕಿಂಗ್‌ಪಿನ್ ಅನ್ನೋ ಗೇಣುದ್ದದ ಉಕ್ಕಿನ ಗೂಟದ ಮೇಲೆ. ಅದು ಸವೆದು ಚಕ್ರ ಅಲ್ಲಾಡೋಕೆ ಶುರುವಾದ್ರೆ ನಾವು ಪ್ಲೇ ಇದೆ ಅಂತೀವಿ. ನೋಡೋಕೆ ಇಬ್ಬರು ಬೇಕು. ಗಾಡಿನ ಜಾಕ್ ಮೇಲೆ ಎತ್ತಿ, ನಾನು ಚಕ್ರಕ್ಕೆ ಮೇಲೊಂದು ಕೆಳಗೊಂದು ಕೈ ಕೊಟ್ಟು ಅಲ್ಲಾಡಿಸ್ತಿದ್ದೆ, ಅವನು ಅಡಿಯಲ್ಲಿ ಮಲಗಿ ಪಿನ್ನಿನ ಹತ್ರ ಬೆರಳಿಟ್ಟು 'ಇದೆ ಭಾವ' ಅಂತಲೋ 'ಇಲ್ಲ ಭಾವ' ಅಂತಲೋ ಕೂಗ್ತಿದ್ದ. ಅವನು 'ಇದೆ' ಅಂದ್ರೆ ಬಿಚ್ಚಲೇಬೇಕು, ಅದು ನಮ್ಮ ಪದ್ಧತಿ.

"ಒಂದು ದಿನ ಮೂರು ಗಾಡಿ ಪಿನ್ ಬಿಚ್ಚಿ ಹಾಕಿ ನನ್ನ ಸೊಂಟ ಬಿದ್ದುಹೋಗಿತ್ತು. ನಾಲ್ಕನೇದಕ್ಕೂ 'ಇದೆ ಭಾವ' ಅಂದ. ಪಿನ್ ಬಿಚ್ಚೋದು ಅಂದ್ರೆ ಏನು ಅನ್ಕೊಂಡಿದ್ದೀರಿ? ಸುತ್ತಿಗೆ ಬೀಸಿ ಬೀಸಿ ಭುಜ ಕಳಚಿ ಬರುತ್ತೆ! 'ಗಟ್ಟಿ ಗ್ರೀಸ್ ತುಂಬೋ, ಪ್ಲೇ ಗೊತ್ತಾಗಲ್ಲ, ನಾಳೆ ನೋಡೋಣ' ಅಂದೆ. 'ಬೇಡ ಭಾವ' ಅಂದ. 'ಬಾಯಿ ಮುಚ್ಕೊಂಡು ಹೇಳಿದಷ್ಟು ಮಾಡು' ಅಂದೆ. ಅವನಿಗೆ ನಾನು ಆಡಿದ ಕೊನೇ ಮಾತು ಅದು ಕಣಮ್ಮ... ಗ್ರೀಸ್ ತುಂಬಿ ತಾನೇ ಟ್ರಯಲ್‌ಗೆ ತಗೊಂಡು ಹೋದ. ಇಳಿಜಾರಿನ ತಿರುವಲ್ಲಿ ಪಿನ್ ಕಿತ್ತುಕೊಂಡು ಬಂತು. ಚಕ್ರ ಒಂದು ಕಡೆ, ಗಾಡಿ ಒಂದು ಕಡೆ, ಅವನೊಂದು ಕಡೆ... ಹೇಗಾಯ್ತು ಅಂತ ನನ್ನ ಹೆಂಡ್ತಿ ಒಂದು ದಿನಾನೂ ಕೇಳಲಿಲ್ಲ. ಕೇಳಿದ್ರೆ ಹೇಳಿ ಹಗುರ ಆಗ್ತಿದ್ದೆ.

"ತಿಂಗಳಾದ ಮೇಲೆ ಬಾಗಿಲು ತೆಗೆದೆ. ಅಭ್ಯಾಸಬಲ ನೋಡಿ, ಒಂದು ಗಾಡಿ ಎತ್ತಿ, ಒಬ್ಬನೇ ಚಕ್ರ ಹಿಡಿದು ಅಲ್ಲಾಡಿಸಿದೆ. ಅಡಿಯಿಂದ... 'ಇದೆ ಭಾವ.'"

ಪಂಕ್ಚರ್ ಅಂಗಡಿಯವ ಸದ್ದಿಲ್ಲದೆ ಎರಡೂ ಕಾಲನ್ನು ಬೆಂಚಿನ ಮೇಲೆ ಎಳೆದುಕೊಂಡ.

"ಬಗ್ಗಿ ನೋಡಿದ್ರೆ ಯಾರಿರ್ತಾರೆ? ನೆಲ, ಎಣ್ಣೆ ಕಲೆ. ಆದ್ರೂ ಬಿಚ್ಚಿದೆ. ಪಿನ್ನಿನ ಸುತ್ತ ಕೂರೋ ಬುಷ್ ಸವೆದು ಹಾಳೆಯಾಗಿತ್ತು! ಅವತ್ತಿಂದ ಮೂವತ್ತೊಂದು ವರ್ಷ ಅವನು ಹೇಳ್ತಾನೆ, ನಾನು ಬಿಚ್ತೀನಿ. ಒಂದು ಸಲಾನೂ ಸುಳ್ಳು ಹೇಳಿಲ್ಲ. ಸಾಕಪ್ಪಾ, ಬೀಗ ಹಾಕ್ಬಿಡೋಣ ಅಂತ ಎಷ್ಟು ಸಲ ಅಂದುಕೊಂಡೆ... ಅವನೊಬ್ಬನನ್ನೇ ಒಳಗೆ ಬಿಟ್ಟು ಹೇಗೆ ಹಾಕಲಿ, ಹೇಳಿ?"

ಟೀಚರಮ್ಮನ ನಿದ್ದೆ ಹಾರಿಹೋಗಿತ್ತು. ಎದುರಿಗೆ ಅಪ್ಪನ ಕಾರು ಜಾಕಿನಿಂದ ಇಳಿದು, ಒರೆಸಿಕೊಂಡು ನಿಂತಿತ್ತು. "ನಮ್ಮ ಕಾರಿಗೆ... ಅವರು ಏನಂದ್ರು?" ಎಂದು ಕೇಳಿದಳು.

"ಎಡಗಡೆಗೆ 'ಇಲ್ಲ' ಅಂದ, ಸರಿಯಾಗೇ ಇದೆ. ಬಲಗಡೆ ಹಿಡಿದೆ. ನನ್ನ ಕೈಗೆ ಪ್ಲೇ ಸಿಕ್ತು, ಕೂದಲೆಳೆಯಷ್ಟು. ಅವನು 'ಇಲ್ಲ ಭಾವ' ಅಂದ. ಬಿಚ್ಚಿ ನೋಡಿದೆ, ಎಲ್ಲ ನೆಟ್ಟಗೆ ಕೂತಿದೆ. ಜೋಡಿಸಿ ಅಲ್ಲಾಡಿಸಿದ್ರೆ ಮತ್ತೆ ಪ್ಲೇ, ಮತ್ತೆ 'ಇಲ್ಲ ಭಾವ'. ಮೂರು ದಿನದಿಂದ ಇದೇ ಆಗೋಯ್ತು. ನನ್ನ ಕೈಗೇ ವಯಸ್ಸಾಯ್ತೋ, ಇಲ್ಲಾ ಅವನು..." ಮೇಸ್ತ್ರಿ ನಿಟ್ಟುಸಿರು ಬಿಟ್ಟ. "ಇವತ್ತು ಬೆಳಗ್ಗೆ ಸುಸ್ತಾಗಿ ಚಕ್ರಕ್ಕೆ ತಲೆ ಆನಿಸಿ ಕೂತಿದ್ದೆ. ನಾನು ಕೇಳದೇನೇ ಹೇಳಿದ. 'ಗಟ್ಟಿ ಗ್ರೀಸ್ ತುಂಬಿಬಿಡಿ ಭಾವ. ಈ ಸಲ ಟ್ರಯಲ್‌ಗೆ ನೀವು ಹೋಗಿ.' ತುಂಬಿದ್ದೀನಿ."

"ಅಯ್ಯೋ, ಬೇಡ ಮೇಸ್ತ್ರಿ! ಬೇರೆ ಯಾವ್ದಾದ್ರೂ ಗಾಡೀಲಿ ಅಪ್ಪನ್ನ ಕರ್ಕೊಂಡು ಬರ್ತೀನಿ. ಅವರು ಬೈದ್ರೆ ಬೈಲಿ. ಇದು ಇಲ್ಲೇ ಇರಲಿ."

"ಒಳ್ಳೇದಮ್ಮ, ಹಾಗೇ ಮಾಡಿ, ಪುಣ್ಯ ಬರುತ್ತೆ." ಆತ ಗೋಡೆ ಹಿಡಿದು ನಿಧಾನವಾಗಿ ಎದ್ದು ಮೊಳೆಯಿಂದ ಕೀ ತೆಗೆದುಕೊಂಡ. "ಆದ್ರೆ ನನ್ನ ಟ್ರಯಲ್ ತಪ್ಪಲ್ಲ. ಮೂವತ್ತೊಂದು ವರ್ಷದಲ್ಲಿ ಇವತ್ತೇ ಮೊದಲು, ಅವನು ಅಡಿಯಿಂದ ಎದ್ದು ಬಂದಿದ್ದಾನೆ... ಸರಿಯಾಗಿ ನೋಡಿ, ಪಕ್ಕದ ಸೀಟಲ್ಲಿ ಆಗ್ಲೇ ಕೂತಾಗಿದೆ."